ಹಂಚಿನ ಮೇಲಿನ ಇಸವಿ ನಂಬಬಹುದೇ? ಯುದ್ಧಕಾಲದ ಚರಿತ್ರೆಯ ಪ್ರಾಜೆಕ್ಟ್ ಮಾಡುವ ಕ್ರಮ

‘ಒಂದನೇ ಮಹಾಯುದ್ಧ’ ಎಂಬ ತಲೆಬರಹ ಇಟ್ಟುಕೊಂಡು ಹೊರಟರೆ ಪಠ್ಯಪುಸ್ತಕವನ್ನೇ ಇನ್ನೊಮ್ಮೆ ಬರೆದಂತಾಗುತ್ತದೆ. ಮೊದಲು ವಿಷಯವನ್ನು ಒಂದೇ ಪ್ರಶ್ನೆಗೆ ಇಳಿಸಿ. ಉದಾಹರಣೆಗೆ, ಯುದ್ಧ ಹೊತ್ತಿದ್ದು ಯುರೋಪಿನಲ್ಲಿ. ಮಂಗಳೂರಿನ ಹಂಚಿನ ಕಾರ್ಖಾನೆ ಕೈಬದಲಾದದ್ದು ಯಾಕೆ?

ಇದರ ಜಾಡು ಮನೆಯ ಮಾಡಿನಲ್ಲೇ ಸಿಗಬಹುದು. ಮಾಡು ಹತ್ತಬೇಡಿ, ಬದಲಿ ಹಂಚುಗಳನ್ನು ಹಿತ್ತಿಲಲ್ಲೋ ಕೊಟ್ಟಿಗೆ ಬದಿಯಲ್ಲೋ ಪೇರಿಸಿಟ್ಟಿರುತ್ತಾರೆ. ಒಂದನ್ನು ತಿರುಗಿಸಿ, ಬೆಳಗಿನ ಓರೆ ಬಿಸಿಲಿಗೆ ಹಿಡಿಯಿರಿ. ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಪಕ್ಕದಲ್ಲಿ ಅಡಿಕೋಲು ಇಟ್ಟು ಫೋಟೊ ತೆಗೆಯಿರಿ. ಆಗ ಈ ಕಾರ್ಖಾನೆ ನಡೆಸುತ್ತಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್. ಅದರ ಹೆಸರಿನ ಜೊತೆ 1865 ಎಂದಿದ್ದರೆ ‘ನಮ್ಮ ಮನೆ 1865ರದ್ದು’ ಎಂದು ಬರೆದುಬಿಡಬೇಡಿ. ಅದು ಕಾರ್ಖಾನೆ ಶುರುವಾದ ಇಸವಿ, ಹಂಚು ಸುಟ್ಟ ಇಸವಿಯಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿದ್ದರೆ ಹಂಚು ಯುದ್ಧದ ನಂತರದ್ದು: ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಇಲ್ಲಿದ್ದ ಈ ಮಿಷನ್ನಿನ ಜರ್ಮನ್ ಮಿಷನರಿಗಳಲ್ಲಿ ಹಲವರನ್ನು ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಕಡೆಗೆ ಈ ಟ್ರಸ್ಟಿನ ಪಾಲಾದವು.

ಇನ್ನು ಕಡತ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. ಬೆಂಗಳೂರಿನ ಪತ್ರಾಗಾರದಲ್ಲಿ ಮಾತ್ರ ಹುಡುಕಿ ‘ಏನೂ ಇಲ್ಲ’ ಎಂದು ಕೈಚೆಲ್ಲುವುದು ಇದೇ ಕಾರಣಕ್ಕೆ. ಚೆನ್ನೈಯ ತಮಿಳುನಾಡು ಪತ್ರಾಗಾರವೇ ಮುಖ್ಯ ನೆಲೆ. ಮನೆಯಿಂದಲೇ ನೋಡಲು ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣ ಇದೆ. ಅಲ್ಲಿ ‘ದಕ್ಷಿಣ ಕನ್ನಡ’ ಎಂದು ಹುಡುಕಿ ಪ್ರಯೋಜನವಿಲ್ಲ. ‘ಸೌತ್ ಕೆನರಾ’ ಎಂದು ಇಂಗ್ಲಿಷಿನಲ್ಲಿ, ಒಮ್ಮೆ ‘ಸಿ’ ಅಕ್ಷರದಿಂದ, ಒಮ್ಮೆ ‘ಕೆ’ ಅಕ್ಷರದಿಂದ ಹಾಕಿ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಆಗಿನ ಕಾಗದಪತ್ರಗಳಲ್ಲಿ ಅದು ತಾಲೂಕು, ‘ಉಡಿಪಿ’ ಎಂದೂ ಇರುತ್ತದೆ. ಬಾಸೆಲ್ ಮಿಷನ್ನಿನ ಹಳೆಯ ಫೋಟೊ, ನಕ್ಷೆಗಳೂ ಅಂತರ್ಜಾಲದಲ್ಲಿವೆ. ಫೋಟೊದ ಕಾಲವನ್ನು ಇಂಥ ವರ್ಷದಿಂದ ಇಂಥ ವರ್ಷದೊಳಗೆ ಎಂದು ಕೊಟ್ಟಿದ್ದರೆ ಹಾಗೆಯೇ ಬರೆಯಿರಿ, ನಡುವಿನ ಒಂದು ಇಸವಿ ಆರಿಸಬೇಡಿ.

ಸೈನಿಕರ ಹೆಸರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಉತ್ತಮ. ಅದರಲ್ಲಿರುವುದು ಮಡಿದವರು ಮಾತ್ರ. ಯುದ್ಧದಿಂದ ಜೀವಂತ ಮರಳಿದ ಮುತ್ತಜ್ಜನ ಹೆಸರು ಅಲ್ಲಿಲ್ಲ ಎಂದ ಮಾತ್ರಕ್ಕೆ ಅವರು ಸೈನ್ಯದಲ್ಲಿರಲೇ ಇಲ್ಲ ಎಂದಲ್ಲ. ಇನ್ನೊಂದು ಎಚ್ಚರ: ಒಂದನೇ ಯುದ್ಧಕ್ಕೆ ಆಯೋಗ 1921ರ ಆಗಸ್ಟ್ 31ರವರೆಗಿನ ಸಾವುಗಳನ್ನು ಸೇರಿಸುತ್ತದೆ. 1920ರ ದಿನಾಂಕ ಕಂಡರೆ ತಪ್ಪೆಂದು ತಿದ್ದಬೇಡಿ.

ಮೂರು ಜಾಲತಾಣಗಳಲ್ಲಿ ಒಂದೇ ಇಸವಿ ಇದ್ದರೆ ಮೂರು ಸಾಕ್ಷಿ ಸಿಕ್ಕಿತು ಎಂದುಕೊಳ್ಳಬೇಡಿ. ವಾಕ್ಯಗಳನ್ನು ಹೋಲಿಸಿ. ಕಾಗುಣಿತದ ತಪ್ಪೂ ಒಂದೇ ಆಗಿದ್ದರೆ ಎಲ್ಲರೂ ಒಬ್ಬರಿಂದಲೇ ನಕಲು ಮಾಡಿದ್ದಾರೆ. ಅದು ಒಂದೇ ಸಾಕ್ಷಿ.

ಎರಡನೇ ಯುದ್ಧದ ಅಕ್ಕಿ ಬರದ ನೆನಪಿರುವ ಹಿರಿಯರಿಗೆ ಈಗ ತೊಂಬತ್ತರ ಆಚೀಚೆ. ಬೇಗ ಹೋಗಿ, ಅರ್ಧ ಗಂಟೆಗಿಂತ ಹೆಚ್ಚು ದಣಿಸಬೇಡಿ. ಪ್ರತಿ ಮಾತಿಗೂ ‘ಅಜ್ಜಿ, ಇದು ನೀವೇ ಕಂಡದ್ದಾ, ಯಾರೋ ಹೇಳಿದ್ದಾ?’ ಎಂದು ಕೇಳಿ, ಉತ್ತರವನ್ನು ಟಿಪ್ಪಣಿಯ ಅಂಚಿನಲ್ಲಿ ಆಗಲೇ ಗುರುತು ಹಾಕಿಕೊಳ್ಳಿ.