ಬಿಟ್ಟುಹೋದ ತಾರೀಖಿನ ಕಾಲಂ: ಪ್ಲುಟೋನಿಯಂ ಲೆಕ್ಕದಲ್ಲಿ ನನ್ನ ಅನುಭವ

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ನನ್ನ ಕೆಲಸದಲ್ಲಿ ಈ ಮಾತು ನಡೆಯುವುದಿಲ್ಲ. ಪಾತ್ರೆಯಲ್ಲಿರುವ ಅಗುಳುಗಳೆಲ್ಲ ಒಂದೇ ನೀರಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ. ಪ್ಲುಟೋನಿಯಂ ಡಬ್ಬಿಗಳು ಹಾಗಲ್ಲ. ನೂರರಲ್ಲಿ ನಾಲ್ಕು ಖಾಲಿ ಇದ್ದು, ಉಳಿದ 96 ಸರಿಯಾಗೇ ಇರಬಹುದು.

ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ ಮುಗಿಸಿ ಯುರೋಪಿನ ಒಂದು ಸಂಶೋಧನಾ ತಂಡ ಸೇರಿದೆ. ಅಣು ವಸ್ತುಗಳು ಬಾಂಬಿನ ಕಡೆಗೆ ಹೋಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ತಪಾಸಣೆಗೆ ಸೇಫ್‌ಗಾರ್ಡ್ಸ್ ಅನ್ನುತ್ತಾರೆ. ಇದನ್ನು ಮಾಡುವುದು ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಅಲ್ಲಿನ ಇನ್‌ಸ್ಪೆಕ್ಟರ್‌ಗಳಿಗೆ ಬೇಕಾಗುವಂಥ ಲೆಕ್ಕದ ವಿಧಾನಗಳ ಮೇಲೆ ನಮ್ಮಂಥ ತಂಡಗಳು ಕೆಲಸ ಮಾಡುತ್ತವೆ. ಊರಿಗೆ ಬಂದಾಗ ‘ಕೈಗಾಕ್ಕೂ ಅವರು ಬರ್ತಾರಾ?’ ಅಂತ ಕೇಳುವವರಿದ್ದಾರೆ. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಹೊತ್ತಿನಲ್ಲಿ ಭಾರತ ತಪಾಸಣೆಗೆ ಒಪ್ಪಿಸಿದ ಸ್ಥಾವರಗಳ ಪಟ್ಟಿಯಲ್ಲಿ ಕೈಗಾ ಇರಲಿಲ್ಲ. ರಾವತ್‌ಭಾಟಾ, ತಾರಾಪುರದ ಮೊದಲ ಎರಡು ರಿಯಾಕ್ಟರ್‌ಗಳು, ಕೂಡಂಕುಳಂ ಇಂಥವು ತಪಾಸಣೆಯ ಒಳಗಿವೆ.

ಲೆಕ್ಕ ಶುರುವಾಗುವುದು 8 ಕಿಲೋದಿಂದ. ಅಷ್ಟು ಪ್ಲುಟೋನಿಯಂ ಕೈತಪ್ಪಿದರೆ ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕುವ ಹಾಗಿಲ್ಲ ಎಂದು ಸಂಸ್ಥೆ ಇಟ್ಟುಕೊಂಡಿರುವ ಅಳತೆ ಅದು. ಒಂದು ಕೋಣೆಯಲ್ಲಿ 2 ಕಿಲೋದ 100 ಡಬ್ಬಿ ಇವೆ ಅಂದುಕೊಳ್ಳಿ. ಕದಿಯುವವನಿಗೆ 4 ಡಬ್ಬಿ ಸಾಕು. ಅದರಲ್ಲಿ ಒಂದಾದರೂ ನಮ್ಮ ಕೈಗೆ ಸಿಗುವ ಸಂಭವ ಶೇ. 90 ಇರಬೇಕು ಅಂದರೆ ಎಷ್ಟು ಡಬ್ಬಿ ಆರಿಸಿ ನೋಡಬೇಕು? 44. ಒಂದು ಅಗುಳಲ್ಲ, ಹೆಚ್ಚು ಕಡಿಮೆ ಅರ್ಧ ಪಾತ್ರೆ!

ಇದು ಸುಲಭದ ಭಾಗ. ಬುದ್ಧಿವಂತ ಕಳ್ಳ ಇಡೀ ಡಬ್ಬಿ ಮುಟ್ಟುವುದಿಲ್ಲ. ಪ್ರತಿ ಡಬ್ಬಿಯಿಂದ 80 ಗ್ರಾಂ ತೆಗೆಯುತ್ತಾನೆ. ನೂರು ಡಬ್ಬಿಗೆ 8 ಕಿಲೋ ಆಯಿತು. ಅಳತೆಯಲ್ಲಿ ಹೇಗೂ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಒಂದೊಂದೇ ಡಬ್ಬಿ ನೋಡುತ್ತಾ ಹೋದರೆ, ಇದು ಕಳವೋ ಅಳತೆಯ ತಪ್ಪೋ ಎಂದು ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಸ್ಥಾವರದವರು ಬರೆದುಕೊಟ್ಟ ತೂಕದಿಂದ ನಾವು ಅಳೆದ ತೂಕ ಕಳೆದು, ಆ ವ್ಯತ್ಯಾಸಗಳನ್ನೆಲ್ಲ ಕೂಡಿಸುತ್ತೇವೆ. ಆ ಮೊತ್ತ ಎಷ್ಟು ದೊಡ್ಡದಾದರೆ ಅನುಮಾನ ಪಡಬೇಕು? ನಾನು ಎಡವಿದ್ದು ಇಲ್ಲೇ.

ನನ್ನ ಕೈಯಲ್ಲಿದ್ದದ್ದು ಒಂದು ತರಬೇತಿ ಲ್ಯಾಬ್‌ನ 60 ಅಳತೆ. 12 ಡಬ್ಬಿಗಳನ್ನು ಬೇರೆಬೇರೆ ದಿನ, 5 ಸುತ್ತಿನಲ್ಲಿ, ನ್ಯೂಟ್ರಾನ್ ಎಣಿಸುವ ಯಂತ್ರದಲ್ಲಿಟ್ಟು ಅಳೆದಿದ್ದರು. ಪ್ಲುಟೋನಿಯಂ ತಾನಾಗೇ ಸೀಳುವಾಗ ನ್ಯೂಟ್ರಾನ್‌ಗಳು ಗುಂಪಾಗಿ ಹೊರಬರುತ್ತವೆ. ಡಬ್ಬಿಯ ಸುತ್ತ ಇರುವ ಹೀಲಿಯಂ-3 ಕೊಳವೆಗಳು ಜೊತೆಜೊತೆಗೆ ಬಂದವುಗಳನ್ನು ಲೆಕ್ಕ ಹಿಡಿಯುತ್ತವೆ. ಡಬ್ಬಿ ತೆರೆಯುವ ಗೋಜೇ ಇಲ್ಲ. ನಾನು ಆ 60 ವ್ಯತ್ಯಾಸಗಳನ್ನು ಒಂದೇ ರಾಶಿ ಮಾಡಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ತೆಗೆದೆ. ಲೆಕ್ಕ ಸುಲಭವಾಗಲಿ, ಶೇ. 1.5 ಅಂತ ಇಟ್ಟುಕೊಳ್ಳಿ.

ಆಮೇಲೆ ಅದನ್ನು 100 ಡಬ್ಬಿಗೆ ಹೊಂದಿಸಿದೆ. 2 ಕಿಲೋದ ಶೇ. 1.5 ಅಂದರೆ 30 ಗ್ರಾಂ. ರ‍್ಯಾಂಡಮ್ ತಪ್ಪು ಒಂದು ಡಬ್ಬಿಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಆಗಿ ಒಂದನ್ನೊಂದು ತಿನ್ನುತ್ತದೆ. ಹಾಗಾಗಿ ನೂರು ಡಬ್ಬಿಗೆ ಅದು ನೂರು ಪಟ್ಟಾಗದೆ ಬರೀ 10 ಪಟ್ಟಾಗುತ್ತದೆ, 300 ಗ್ರಾಂ. ಅದರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 1 ಕಿಲೋ ಕಾಣೆಯಾದರೂ ಶೇ. 95ರಷ್ಟು ಸಲ ಹಿಡಿಯಬಹುದು ಎಂದು ವರದಿ ಬರೆದೆ. 8 ಕಿಲೋ ಎಲ್ಲಿ, 1 ಕಿಲೋ ಎಲ್ಲಿ? ತುಂಬಾ ಖುಷಿಯಾಗಿತ್ತು.

ಆ ವರದಿಯನ್ನು ಇನ್ನೊಂದು ದೇಶದ ತಂಡಕ್ಕೆ ಓದಲು ಕಳಿಸಿದೆ. ಯುರೋಪಿನಲ್ಲಿ ಈ ಕೆಲಸ ಮಾಡುವ ಲ್ಯಾಬ್‌ಗಳು 1969ರಲ್ಲೇ ಎಸಾರ್ಡಾ ಅನ್ನುವ ಒಕ್ಕೂಟ ಕಟ್ಟಿಕೊಂಡಿವೆ. ಅದರಿಂದಾಗಿ ಇಂಥ ಕೊಡುಕೊಳ್ಳುವಿಕೆ ಸಲೀಸು. ವರದಿ ಓದಿದ ತಂಡದ ಹಿರಿಯ ಭೌತವಿಜ್ಞಾನಿಯೊಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ‘ಯಾವ ಡಬ್ಬಿಯನ್ನು ಯಾವತ್ತು ಅಳೆದದ್ದು?’

ನನ್ನ ಕಡತದಲ್ಲಿ ತಾರೀಖೇ ಇರಲಿಲ್ಲ. ಲೆಕ್ಕಕ್ಕೆ ಬೇಕಿಲ್ಲ ಅಂತ ಆ ಕಾಲಂ ತೆಗೆದುಹಾಕಿದ್ದೆ.

ಮೂಲ ಕಡತ ತೆಗೆದು, ಸುತ್ತಿನ ಪ್ರಕಾರ ಚುಕ್ಕಿ ಹಾಕಿ ನೋಡಿದೆ. ಒಂದೇ ಸುತ್ತಿನ 12 ಚುಕ್ಕಿಗಳು ಒತ್ತೊತ್ತಾಗಿ ಕೂತಿದ್ದವು. ಮುಂದಿನ ಸುತ್ತಿಗೆ ಇಡೀ ಗುಂಪೇ ಮೇಲೆ, ಅದರ ಮುಂದಿನದಕ್ಕೆ ಕೆಳಗೆ. ಮೂರನೇ ಸುತ್ತು ಎಲ್ಲಕ್ಕಿಂತ ದೂರ. ನಾನು ರ‍್ಯಾಂಡಮ್ ಅಂದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಸಿಸ್ಟಮ್ಯಾಟಿಕ್ ತಪ್ಪು. ಅಂಗಡಿಯ ತಕ್ಕಡಿಯೇ ಒಂದು ಕಡೆ ವಾಲಿದ್ದರೆ ನೂರು ಸಲ ತೂಗಿದರೂ ನೂರು ಸಲವೂ ಒಂದೇ ಕಡೆ ತಪ್ಪುತ್ತದೆ, ಅಲ್ವಾ? ಆ ಶೇ. 1.5 ಪೂರ್ತಿ ಈ ಥರದ್ದೇ ಆಗಿದ್ದರೆ 200 ಕಿಲೋಗೆ ತಪ್ಪು 3 ಕಿಲೋ. ಅದೇ ಶೇ. 95ರ ಭರವಸೆ ಬೇಕಾದರೆ ಸುಮಾರು 10 ಕಿಲೋ ಕಾಣೆಯಾಗಬೇಕು. ಅಂದರೆ 8 ಕಿಲೋ ಹೋದರೂ ಆ ಭರವಸೆ ಕೊಡಲು ಆಗುವುದಿಲ್ಲ. ಡೇಟಾ ಅದೇ, ತೀರ್ಮಾನ ತಲೆಕೆಳಗು.

ಇನ್ನೂ ಒಂದು ವಿಷಯ ನನ್ನನ್ನು ತುಂಬಾ ಕಾಡಿತು. 60 ಅಳತೆ ಇದೆ ಎಂದು ನಂಬಿಕೊಂಡಿದ್ದೆ. ಆದರೆ ಸುತ್ತಿನಿಂದ ಸುತ್ತಿಗೆ ಎಷ್ಟು ಜಿಗಿಯುತ್ತದೆ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಐದೇ ಸಂಖ್ಯೆ. ಒಂದೇ ಸುತ್ತಿನಲ್ಲಿ ಸಾವಿರ ಡಬ್ಬಿ ಅಳೆದರೂ ಅದು ಆರು ಆಗುವುದಿಲ್ಲ. ಹೊಸ ಸುತ್ತುಗಳೇ ಬೇಕು. ಅದಕ್ಕೆ ವರ್ಷಗಟ್ಟಲೆ ಕಾಯಬೇಕು, ಇಲ್ಲವೇ ಬೇರೆ ತಂಡದ ಹತ್ತಿರ ಕೇಳಬೇಕು.

ಕೇಳಿದೆ. ಡಬ್ಬಿಯ ತೂಕ, ಜಾಗ ಏನನ್ನೂ ಕೊಡುವ ಹಾಗಿರಲಿಲ್ಲ. ಅದು ಗುಟ್ಟಿನ ಮಾಹಿತಿ, ಇರಬೇಕಾದದ್ದೇ. ಆದರೆ ನನಗೆ ಬೇಕಿದ್ದದ್ದು ಎರಡೇ ಕಾಲಂ: ಸುತ್ತಿನ ಸಂಖ್ಯೆ, ಶೇಕಡಾ ವ್ಯತ್ಯಾಸ. ಅವರ 7 ಸುತ್ತು ಸೇರಿ 12 ಆಯಿತು. ಎರಡು ತಂಡವೂ ತಮ್ಮತಮ್ಮ ಪ್ರೋಗ್ರಾಂನಲ್ಲಿ ಬೇರೆಬೇರೆಯಾಗಿ ಲೆಕ್ಕ ಹಾಕಿ, ಆಮೇಲೆ ಉತ್ತರ ಹೋಲಿಸಿದೆವು. 2010ರಲ್ಲಿ ವಿಯೆನ್ನಾದ ಸಂಸ್ಥೆ ಹೊರತಂದ ಅಳತೆಯ ಗುರಿಗಳ ಪಟ್ಟಿಯಲ್ಲಿ ಪ್ರತಿ ಉಪಕರಣಕ್ಕೂ ಎರಡು ಸಂಖ್ಯೆ ಕೊಟ್ಟಿರುತ್ತಾರೆ, ರ‍್ಯಾಂಡಮ್ ಒಂದು, ಸಿಸ್ಟಮ್ಯಾಟಿಕ್ ಇನ್ನೊಂದು. ಅದನ್ನು ಎಷ್ಟೋ ಸಲ ನೋಡಿದ್ದೆ. ಎರಡನ್ನೂ ಯಾಕೆ ಬೇರೆ ಇಟ್ಟಿದ್ದಾರೆ ಎಂದು ಮನಸ್ಸಿಗೆ ಇಳಿದದ್ದು ಈಗ.

ಆ ಮೂರನೇ ಸುತ್ತಿನ ಕಥೆ ಬಾಕಿ ಇದೆ. ಪ್ರತಿ ಸುತ್ತಿನ ಮೊದಲು, ತಾನಾಗೇ ನ್ಯೂಟ್ರಾನ್ ಸೂಸುವ ಕ್ಯಾಲಿಫೋರ್ನಿಯಂ-252 ಇಟ್ಟು ಯಂತ್ರ ಸರಿ ಎಣಿಸುತ್ತಿದೆಯಾ ನೋಡುತ್ತಾರೆ. ಅದು ಎರಡೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಕಾಲದಲ್ಲಿ ಅರ್ಧವಾಗುತ್ತದೆ, ಅಂದರೆ ತಿಂಗಳಿಗೆ ಸುಮಾರು ಶೇ. 2 ಕರಗುತ್ತದೆ. ಆ ಒಂದು ಸುತ್ತಿಗೆ ಮಾತ್ರ ಬೇರೆ ಕ್ಯಾಲಿಫೋರ್ನಿಯಂ ಎರವಲು ತಂದಿದ್ದರು. ಅದರ ಸರ್ಟಿಫಿಕೇಟ್‌ನಲ್ಲಿ ಅದರ ಬಲ ಅಳೆದ ತಾರೀಖು 04/03 ಅಂತ ಇತ್ತು. ಅಮೆರಿಕದ ರೂಢಿಯಲ್ಲಿ ಅದು ಏಪ್ರಿಲ್ 3. ಓದಿದವರು ಮಾರ್ಚ್ 4 ಅಂದುಕೊಂಡಿದ್ದರು. ಕರಗಿದ್ದೆಷ್ಟು ಅನ್ನುವ ಲೆಕ್ಕ 30 ದಿನದಷ್ಟು ತಪ್ಪಿ, ಯಂತ್ರವನ್ನು ಹೊಂದಿಸಿದ್ದೇ ತಪ್ಪಾಗಿ, 12 ಡಬ್ಬಿಯೂ ಒಟ್ಟಿಗೆ ಒಂದೇ ಕಡೆ ಸರಿದಿದ್ದವು.

ತಿದ್ದಿದ ಮೇಲೆ ಮೂರನೇ ಗುಂಪು ಉಳಿದವುಗಳ ಹತ್ತಿರ ಬಂತು. ಉಳಿದ ಸುತ್ತುಗಳ ಜಿಗಿತ ಹಾಗೇ ಉಳಿಯಿತು, ಅದಕ್ಕೆ ಕಾರಣ ಸಿಗಲಿಲ್ಲ. ಅದನ್ನು ಸಿಸ್ಟಮ್ಯಾಟಿಕ್ ತಪ್ಪು ಎಂದೇ ವರದಿಯಲ್ಲಿ ಬರೆದು, 1 ಕಿಲೋದ ಮಾತು ತೆಗೆದುಹಾಕಿದೆ. ಈಗ ಎರಡೂ ತಂಡದ ಕಡತಗಳಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತೇವೆ.