ಗಪ್ಪಿ ಮರಿಗಳು ಉಳಿಯಬೇಕಾದರೆ

ಗಪ್ಪಿ ಮರಿ ಹಾಕಿತ್ತು, ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಚಿಕ್ಕಮಗಳೂರಿನಲ್ಲಿ ಗಪ್ಪಿ ಅನ್ನುವ ಈ ಪುಟ್ಟ ಬಣ್ಣದ ಮೀನು ಸಾಕುವವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಮರಿ ಎಲ್ಲೂ ಹೋಗಿಲ್ಲ, ತಾಯಿಯೇ ತಿಂದಿರುತ್ತದೆ.

ಸುಮಾರು 50 ಲೀಟರ್ ತೊಟ್ಟಿ, ಸ್ಪಂಜ್ ಫಿಲ್ಟರ್, ಒಂದು ಗಂಡಿಗೆ ಎರಡು ಮೂರು ಹೆಣ್ಣು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ಬಕೆಟ್‌ನಲ್ಲಿ ಬಿಡಿ. ಜೋರಾಗಿ ಎಳೆಯುವ ಪವರ್ ಫಿಲ್ಟರ್ ಬೇಡವೇ ಬೇಡ, ಮರಿಗಳನ್ನೂ ಎಳೆದುಕೊಳ್ಳುತ್ತದೆ. ನೀರು 24ರಿಂದ 28 ಡಿಗ್ರಿ ಇರಬೇಕು. ನಮ್ಮೂರಿನ ಡಿಸೆಂಬರ್ ಚಳಿಗೆ 50 ವಾಟ್ ಹೀಟರ್ ಇಲ್ಲದೆ ಆಗುವುದಿಲ್ಲ.

ಈಗ ಮುಖ್ಯ ಕೆಲಸ. ಬಸುರಿ ಮೀನಿನ ಹೊಟ್ಟೆ ಹೆರಿಗೆ ಹತ್ತಿರವಾದಾಗ ಚೌಕವಾಗಿ ಕಾಣುತ್ತದೆ, ಬಾಲದ ಕಡೆಯ ಕಪ್ಪು ಮಚ್ಚೆ ದೊಡ್ಡದಾಗುತ್ತದೆ. ಬಸುರಿಯಾದ ಮೇಲೆ ಹೆರಿಗೆಗೆ ಸುಮಾರು ನಾಲ್ಕು ವಾರ ಬೇಕು, ನೀರು ತಣ್ಣಗಿದ್ದರೆ ಇನ್ನೂ ಜಾಸ್ತಿ. ಹೆರಿಗೆಗೆಂದು ಅಂಗಡಿಯಲ್ಲಿ ಕೊಡುವ ಪುಟ್ಟ ಪ್ಲಾಸ್ಟಿಕ್ ಬ್ರೀಡಿಂಗ್ ಬಾಕ್ಸ್ ದುಡ್ಡು ದಂಡ. ಅಷ್ಟು ಇಕ್ಕಟ್ಟಿನಲ್ಲಿ ತಾಯಿ ಗಾಬರಿಯಾಗುತ್ತದೆ, ದಿನ ತುಂಬುವ ಮೊದಲೇ ಮರಿ ಹಾಕಿಬಿಡುವುದೂ ಉಂಟು. ಅದರ ಬದಲು 20 ಲೀಟರಿನ ಟಬ್‌ಗೆ ಹಳೇ ತೊಟ್ಟಿಯದೇ ನೀರು ತುಂಬಿ, ಜಾವಾ ಮಾಸ್ ಅನ್ನುವ ನೀರಿನ ಪಾಚಿಗಿಡ ದಟ್ಟವಾಗಿ ಹಾಕಿ, ಸ್ವಲ್ಪ ನೀರಿನ ಮೇಲೂ ತೇಲುತ್ತಿರಲಿ, ಯಾಕೆಂದರೆ ಹುಟ್ಟಿದ ಮರಿ ಅವಿತುಕೊಳ್ಳೋಕೆ ಮೇಲೇ ಬರುತ್ತದೆ. ಮಾಸ್ ಸಿಗದಿದ್ದರೆ ತೊಳೆದ ಹಸಿರು ನೈಲಾನ್ ದಾರದ ಉಂಡೆಯೂ ನಡೆಯುತ್ತದೆ. ಸಂಜೆ ತಾಯಿಯನ್ನು ಅಲ್ಲಿಗೆ ಬಿಡಿ, ಲೈಟ್ ಹಾಕಿ ಇಣುಕುತ್ತಾ ಇರಬೇಡಿ. ಮರಿ ಹಾಕಿ ಮುಗಿಸಿದ ಕೂಡಲೇ ತಾಯಿ ವಾಪಸ್ ದೊಡ್ಡ ತೊಟ್ಟಿಗೆ. ನಾಳೆ ನೋಡೋಣ ಅಂದರೆ ಮುಗಿಯಿತು.

ಅಂದ ಹಾಗೆ, ಗಂಡು ಇಲ್ಲದಿದ್ದರೂ ಇದೇ ಹೆಣ್ಣು ಮುಂದೆಯೂ ಮರಿ ಹಾಕಬಹುದು. ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತದೆ.

ಮರಿಗಳಿಗೆ ಊಟ ದಿನಕ್ಕೆ ಮೂರು ನಾಲ್ಕು ಸಲ, ಮೀನಿನ ಒಣ ಫುಡ್ ಬೆರಳಲ್ಲಿ ಉಜ್ಜಿ ಪುಡಿ ಮಾಡಿ, ಚಿಟಿಕೆಗಿಂತ ಕಡಿಮೆ. ಬೇಯಿಸಿದ ಮೊಟ್ಟೆಯ ಹಳದಿ ಕೊಡಿ ಅನ್ನುವವರು ತುಂಬಾ ಜನ, ನಾನಂತೂ ಕೊಡುವುದಿಲ್ಲ. ಸ್ವಲ್ಪ ಉಳಿದರೂ ನೀರು ಕೆಡುತ್ತದೆ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು ಹಾಕಿ, ಗಾಳಿ ಬಿಟ್ಟು, ಬೆಚ್ಚಗಿನ ಜಾಗದಲ್ಲಿ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆ ಇಟ್ಟರೆ ಒಂದೂವರೆ ದಿನದಲ್ಲಿ ಒಡೆಯುತ್ತದೆ, ಹೊರಬಂದ ಮರಿಗಳನ್ನು ಸೋಸಿ ಗಪ್ಪಿ ಮರಿಗಳಿಗೆ ಹಾಕಿ. ದಿನಾ ಹತ್ತನೇ ಒಂದು ಪಾಲು ನೀರು ಬದಲಾಯಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತಲ್ವಾ, ಬ್ಯಾಟರಿ ಏರ್ ಪಂಪ್ ಒಂದಿರಲಿ.

ಒಂದು ತಿಂಗಳಿಗೆ ಗಂಡು ಮರಿಯ ಹೊಟ್ಟೆ ಕೆಳಗಿನ ರೆಕ್ಕೆ ಕಡ್ಡಿಯಂತೆ ಸಣ್ಣಗಾಗುತ್ತದೆ. ಆಗಲೇ ಗಂಡು ಹೆಣ್ಣು ಬೇರೆ ಮಾಡಿ. ಜಾಸ್ತಿಯಾದ ಮೀನನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ, ಇದು ಇಲ್ಲಿಯ ಮೀನಲ್ಲ, ಅಲ್ಲಿರುವ ನಮ್ಮ ಮೀನಿಗೆ ತೊಂದರೆ. ಅಂಗಡಿಗೆ ಕೊಟ್ಟು ಬದಲಿಗೆ ಫುಡ್ ಡಬ್ಬಿ ಕೇಳಿ.