ಫಿಟ್ಸ್ ಗುಳಿಗಿ ಬರಿಯೋಕಿಂತ ಮೊದ್ಲ ನಾ ಏನೇನ್ ಕೇಳ್ತೀನಿ

ನಾ ಹುಬ್ಬಳ್ಯಾಗ ಫಿಜಿಷಿಯನ್. ಫಿಟ್ಸ್ ಪೇಷಂಟ್ಸ್ ಹೆಚ್ಚಾಗಿ ಕುಂದಗೋಳ, ಶಿಗ್ಗಾಂವಿ, ಲಕ್ಷ್ಮೇಶ್ವರ ಕಡಿಂದ ಬರ್ತಾರ, ಕೈಯಾಗ ಹಳೇ ಚೀಟಿ, ಇಲ್ಲಾ ಖಾಲಿ ಸ್ಟ್ರಿಪ್. "ಇದನ್ನ ಬರ್ದ ಕೊಡ್ರಿ ಸಾಕು" ಅಂತಾರ. ನಾ ಚೀಟಿ ಬದಿಗಿಟ್ಟು ಫಿಟ್ಸ್ ಹೆಂಗ ಬರ್ತದ ಅಂತ ಕಂಡವ್ರ ಬಾಯಿಂದನ ಕೇಳ್ತೀನಿ, ಮೊಬೈಲ್‌ನ್ಯಾಗ ವಿಡಿಯೋ ಇದ್ರ ಇನ್ನೂ ಛಲೋ. ಯಾಕಂದ್ರ ಕಾಲೇಜ್ ಹುಡುಗ ಒಬ್ಬಾಂವ ಮುಂಜಾನಿ ಎದ್ದಕೂಡ್ಲೆ ಕೈ ಝಟ್ ಅಂತ ಹಾರಿ ಚಹಾ ಚೆಲ್ತಾನ, ಶಿವರಾತ್ರಿ ಜಾಗರಣಿ ಮಾಡಿ ಮರುದಿನ ಸಿದ್ಧಾರೂಢರ ತೇರಿಗೆ ಹೋಗಿ ಅಲ್ಲೇ ಬಿದ್ದಾನ ಅಂದ್ರ ಅದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ (ಹರೇದಾಗ ಶುರುವಾಗೋ, ಝಟಕಾ ಹೊಡಿಯೋ ಫಿಟ್ಸ್) ಇರಬಹುದು, ಅಂಥವರಿಗೆ ಕಾರ್ಬಮಜೆಪೈನ್ ಅನ್ನೋ ಫಿಟ್ಸ್ ಗುಳಿಗಿ ಕೊಟ್ರ ಝಟಕಾ ಹೆಚ್ಚಾಗಬಹುದು.

ಹೆಣ್ಮಕ್ಕಳು ಬಂದ್ರ ನಾ ಭಾಳ ಹೊತ್ತು ಕೂಡಸ್ಕೋತೀನಿ. ಫಿಟ್ಸಿಗೆ ವಾಲ್ಪ್ರೋಯೇಟ್ ಛಲೋ ಔಷಧನ, ಆದ್ರ ಬಸುರಿದ್ದಾಗ ತಗೊಂಡ್ರ ನೂರರಾಗ ಸುಮಾರು 10 ಕೂಸುಗಳಿಗೆ ಹುಟ್ಟಾ ದೊಡ್ಡ ದೋಷ ಇರ್ತದ, 30-40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿ ಬೆಳವಣಿಗಿ ಹಿಂದ ಬೀಳ್ತದ. ನಮ್ಮ ಕಡೆ ಗಂಡಿನ ಮನಿಯವ್ರಿಗೆ ಫಿಟ್ಸ್ ಸುದ್ದಿ ಮುಚ್ಚಿಡೋದು ಭಾಳ, ಅದಕ್ಕ ಅವ್ವನ್ನ ಸ್ವಲ್ಪ ಹೊರಗ ಕಳಿಸಿ ಹುಡುಗೀನ್ನ ಕೇಳ್ತೀನಿ: ಲಗ್ನ ಗೊತ್ತಾಗೇದೇನು, ಅಲ್ಲಿ ಹೋದ ಮ್ಯಾಲೆ ಗುಳಿಗಿ ಎಲ್ಲಿಡ್ತಿ? ಸಾಧ್ಯ ಇದ್ದಲ್ಲೆಲ್ಲಾ ವಾಲ್ಪ್ರೋಯೇಟ್ ಬದ್ಲಿ ಲೆವೆಟಿರಾಸಿಟಮ್ ಇಲ್ಲಾ ಲ್ಯಾಮೊಟ್ರಿಜಿನ್ ಬರೀತೀನಿ, ಜೋಡಿಗೆ ಫೋಲಿಕ್ ಆಸಿಡ್, ಅದೂ ಬಸುರಾಗೋಕಿಂತ ಮುಂಚೇನ. ವಾಲ್ಪ್ರೋಯೇಟ್ ಮ್ಯಾಲಿದ್ದಾಗನ ಬಸುರಾಗಿ ಬಂದ್ರ ಅಂಜಿ ತಾವ ಬಂದ್ ಮಾಡಬಾರ್ದು, ಒಮ್ಮೆಲೆ ಬಿಟ್ರ ಫಿಟ್ಸ್ ನಿಲ್ಲದಂಗ ಹತ್ತಿ ತಾಯಿ ಕೂಸು ಇಬ್ಬರಿಗೂ ಅಪಾಯ, ಆ ದಿನಾನ ಬರ್ಬೇಕು. ಗರ್ಭನಿರೋಧಕ ಗುಳಿಗಿನೂ ಕೇಳ್ತೀನಿ, ಫೆನಿಟಾಯಿನ್, ಕಾರ್ಬಮಜೆಪೈನ್‌ನಂಥಾ ಫಿಟ್ಸ್ ಗುಳಿಗಿ ಅದರ ಕೆಲಸ ಕಡಿಮಿ ಮಾಡ್ತಾವ, ಲ್ಯಾಮೊಟ್ರಿಜಿನ್‌ದು ಉಲ್ಟಾ, ಈಸ್ಟ್ರೋಜನ್ ಇರೋ ಗರ್ಭನಿರೋಧಕ ಗುಳಿಗಿ ರಕ್ತದಾಗ ಲ್ಯಾಮೊಟ್ರಿಜಿನ್ ಮಟ್ಟ ಇಳಸ್ತದ.

ಲ್ಯಾಮೊಟ್ರಿಜಿನ್‌ಗೆ ಅವಸರ ನಡ್ಯಾಂಗಿಲ್ಲ, ಡೋಸ್ ಲಗೂ ಏರಿಸಿದ್ರ ಚರ್ಮಕ್ಕ ಅಪಾಯ. ದೊಡ್ಡವ್ರಿಗೆ ದಿನಕ್ಕ 25 ಎಂಜಿ ಎರಡ ವಾರ, ಆಮ್ಯಾಲೆ 50 ಎರಡ ವಾರ. ವಾಲ್ಪ್ರೋಯೇಟ್ ಜೋಡಿ ಇದ್ರ ಮೊದಲಿನ ಎರಡ ವಾರ ದಿನಾ ಬಿಟ್ಟ ದಿನಾ 25. ಮೈಮ್ಯಾಲೆ ಕೆಂಪು ಗುಳ್ಳಿ ಎದ್ರ, ಬಾಯಾಗ ಹುಣ್ಣಾದ್ರ ಅವತ್ತೇ ಬರ್ರಿ ಅಂತ ದಪ್ಪ ಅಕ್ಷರದಾಗ ಬರೀತೀನಿ.

ಫೆನಿಟಾಯಿನ್ ಬ್ಯಾರೇ ಜಾತಿ. ದಿನಕ್ಕ 300 ಎಂಜಿಗೆ ಫಿಟ್ಸ್ ನಿಲ್ಲಲಿಲ್ಲ ಅಂತ ಒಮ್ಮೆಲೆ 400 ಮಾಡಿದ್ರ ಪೇಷಂಟ್ ಕುಡಿದವ್ರಂಗ ಜೋಲಿ ಹೊಡೀತಾನ, ಕಣ್ಣಗುಡ್ಡಿ ಕುಣೀತಾವ, ಯಾಕಂದ್ರ ಒಂದ್ ಮಟ್ಟ ದಾಟಿದ ಮ್ಯಾಲೆ ಲಿವರ್ ಅದನ್ನ ಹೊರಗ ಹಾಕೋದು ಹೆಚ್ಚಾಗಾಂಗಿಲ್ಲ, ರಕ್ತದಾಗ ಒಮ್ಮೆಲೆ ಏರ್ತದ. ನಾ 25-50 ಅಷ್ಟ ಏರಸ್ತೀನಿ. ಟಿಬಿ ಗುಳಿಗಿ ನಡದದೇನು ಅಂತ ತಪ್ಪದ ಕೇಳ್ತೀನಿ, ಟಿಬಿ ಔಷಧದಾಗಿನ ಐಸೋನಿಯಾಜಿಡ್ ರಕ್ತದಾಗ ಫೆನಿಟಾಯಿನ್ ಏರಸ್ತದ, ರಿಫಾಂಪಿಸಿನ್ ಇಳಸ್ತದ.

ಇನ್ನ ರೊಕ್ಕದ ಮಾತು. ತಿಂಗಳಿಗೆ ಎಷ್ಟ ಆಗ್ತದ, ನಿಮ್ಮೂರ ಅಂಗಡ್ಯಾಗ ಸಿಗ್ತದೋ ಇಲ್ಲೋ, ಇದನ್ನ ಕೇಳದ ತುಟ್ಟಿ ಗುಳಿಗಿ ಬರದ್ರ ಎರಡನೇ ತಿಂಗಳಿಗೆ ಬಿಟ್ಟಿರ್ತಾರ. ಭಾಳ ಮಂದಿ ಅಮಾಸಿ ಹುಣ್ಣಿಮಿಗೆ ಫಿಟ್ಸ್ ಬರ್ತದ ಅಂತ ನಂಬ್ಯಾರ. ನಾ ವಾದ ಹಾಕಾಂಗಿಲ್ಲ, ಅಮಾಸಿ ನಾಕ್ ದಿನ ಇರ್ತನ ಗುಳಿಗಿ ಎಣಸ್ರಿ, ಕಡಿಮಿ ಬಿದ್ರ ಅವತ್ತೇ ತರಸ್ರಿ ಅಂತೀನಿ, ಅದನ್ನ ಮಾತ್ರ ಮರ್ಯಾಂಗಿಲ್ಲ ಅವ್ರು.